ಸಂಜೆ ಬಸ್ಸನ್ನು ಬರೀ ಕಲೆಕ್ಷನ್ ನೋಡಿ ನಿಲ್ಲಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ವಾರ ನಿಮ್ಮ ಪತ್ರಿಕೆಯನ್ನು ಒಂದು ಸಾಲೂ ಬಿಡದೆ ಓದುತ್ತೇನೆ. ಹೆಚ್ಚು ಅಂಕ ತೆಗೆದ ಮಕ್ಕಳ ಫೋಟೊ, ಬಾಯಿಗೆ ಸಿಹಿ ಇಡುತ್ತಿರುವ ಅಪ್ಪ ಅಮ್ಮ, ಕೆಳಗೆ ಮಕ್ಕಳ ನಾಲ್ಕು ಮಾತು. ನೋಡಿ ಖುಷಿಯಾಗುತ್ತದೆ. ಈ ಸಲ ಅದರ ಬೆನ್ನಿಗೇ ಬಂದ ಓದುಗರೊಬ್ಬರ ಪತ್ರ ಮಾತ್ರ ಮನಸ್ಸಿಗೆ ನಾಟಿತು. ಹಳ್ಳಿ ಮಕ್ಕಳಿಗೆ ಈಗ ಯಾವುದಕ್ಕೂ ಕೊರತೆಯಿಲ್ಲ, ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ಫೇಲಾದರೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು, ಆದರೂ ಓದು ಬಿಡುತ್ತಾರೆಂದರೆ ಛಲವಿಲ್ಲ ಅಂತಲೇ ಅರ್ಥ ಎಂದು ಅವರು ಬರೆದಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಕ್ಕಳನ್ನು ದಿನಾ ಹತ್ತಿಸಿಕೊಂಡು, ಇಳಿಸಿ ಬಂದವನು ನಾನು. ಸುಮ್ಮನಿರಲು ಆಗಲಿಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಈಗ ರಿಟೈರ್ ಆಗಿ ಊರಲ್ಲಿದ್ದೇನೆ. ಸರ್ವಿಸಿನ ಮುಕ್ಕಾಲು ಪಾಲು ಕಳೆದದ್ದು ಕೊರಟಗೆರೆ, ಮಧುಗಿರಿ, ಪಾವಗಡ ಕಡೆಯ ಹಳ್ಳಿ ರೂಟುಗಳಲ್ಲಿ. ರಾತ್ರಿ ಹಾಲ್ಟ್ ಗಾಡಿ ಜಾಸ್ತಿ ಮಾಡಿದ್ದೇನೆ. ಕತ್ತಲಾದ ಮೇಲೆ ಹಳ್ಳಿಗೆ ಹೋಗಿ, ಬಸ್ಸಲ್ಲೇ ಮಲಗಿ, ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಅದೇ ಗಾಡಿ ತೆಗೆಯುವ ಡ್ಯೂಟಿ ಅದು. ಇಂಜಿನ್ ಶಬ್ದ ಕೇಳಿಯೇ ಮಕ್ಕಳು ಮನೆಯಿಂದ ಓಡಿ ಬರುತ್ತಿದ್ದರು. ಯಾವ ಮಗು ಯಾವ ಮನೆಯದು, ಯಾರ ಪಾಸ್ ಯಾವಾಗ ಮುಗಿಯುತ್ತದೆ, ಯಾರು ಎರಡು ದಿನದಿಂದ ಕಾಣಿಸಿಲ್ಲ, ಇದೆಲ್ಲ ಮೇಷ್ಟ್ರಿಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು.

ನಮ್ಮ ಬಸ್ಸುಗಳಲ್ಲಿ ಒಂದು ರೂಢಿ ಇದೆ. ರಶ್ಶಿನಲ್ಲಿ ನಿಂತ ಮಕ್ಕಳು ತಮ್ಮ ಬ್ಯಾಗನ್ನು ಕೂತವರ ತೊಡೆ ಮೇಲೆ ಇಡುತ್ತಾರೆ. ಪರಿಚಯ ಬೇಕಿಲ್ಲ. ‘ಅಕ್ಕಾ, ಸ್ವಲ್ಪ ಇಟ್ಕೊಳಿ’ ಅಂದರೆ ಮುಗಿಯಿತು. ಒಬ್ಬೊಬ್ಬ ಅಜ್ಜಿಯ ತೊಡೆ ಮೇಲೆ ಮೂರು ಮೂರು ಬ್ಯಾಗು ಇರುತ್ತವೆ. ಮಿಡಿಗೇಶಿ ಕಡೆಯ ಒಂದು ಹುಡುಗಿ ಹೀಗೇ ಒಂದು ಬೆಳಿಗ್ಗೆ ತನ್ನ ಬ್ಯಾಗನ್ನು ಕೂತಿದ್ದ ಒಬ್ಬ ನರ್ಸಮ್ಮನ ಕೈಗೆ ಕೊಟ್ಟಳು. ಜಿಪ್ ಕಿತ್ತುಹೋದ ಬ್ಯಾಗು. ಗಾಡಿ ಒಂದು ಹಳ್ಳ ಹಾರಿದಾಗ ಒಳಗಿದ್ದ ರೆಕಾರ್ಡ್ ಪುಸ್ತಕ ಜಾರಿ ಬಿತ್ತು. ನರ್ಸಮ್ಮ ಎತ್ತಿಕೊಂಡು ಹಾಳೆ ತಿರುವಿದರು. ಹೃದಯದ ಚಿತ್ರ. ಬಣ್ಣದ ಪೆನ್ಸಿಲ್ಲಿನಲ್ಲಿ ಎಷ್ಟು ಚೊಕ್ಕವಾಗಿ ಬರೆದಿದ್ದಳೆಂದರೆ, ಟಿಕೆಟ್ ಕೊಡುತ್ತಾ ಅಲ್ಲೇ ಸಿಕ್ಕಿಕೊಂಡಿದ್ದ ನಾನೂ ನೋಡಿದೆ.

‘ನೀನೇ ಬರೆದಿದ್ದಾ?’

‘ಹೂಂ ಅಕ್ಕ.’

‘ಪಿಯುಸಿ ಆದ್ಮೇಲೆ ಏನು ಓದ್ತೀಯ?’

‘ಗೊತ್ತಿಲ್ಲ ಅಕ್ಕ. ಮನೇಲಿ ಇಷ್ಟೇ ಸಾಕು ಅಂತವ್ರೆ.’

ಆ ಹುಡುಗಿಗೆ ನರ್ಸಿಂಗ್ ಓದಬಹುದು ಅನ್ನುವುದೇ ಗೊತ್ತಿರಲಿಲ್ಲ. ಯಾರು ಹೇಳಬೇಕು? ನರ್ಸಮ್ಮ ಇಳಿಯುವ ಸ್ಟಾಪು ಹತ್ತಿರ ಬಂದಿತ್ತು. ಆಗಿನ್ನೂ ಟಿಕೆಟ್ ಮೆಷಿನ್ ಬಂದಿರಲಿಲ್ಲ, ಹರಿದು ಪಂಚ್ ಮಾಡಿ ಕೊಡುವ ಟಿಕೆಟ್. ಅವರು ನನ್ನ ಪೆನ್ನು ಇಸಿದುಕೊಂಡು, ತಮ್ಮ ಟಿಕೆಟ್ಟಿನ ಹಿಂದೆಯೇ ಎಲ್ಲಿಗೆ ಹೋಗಿ ಅರ್ಜಿ ತರಬೇಕು, ಯಾರನ್ನು ಕೇಳಬೇಕು ಎಂದು ಬರೆದು ಅವಳ ರೆಕಾರ್ಡಿನೊಳಗೆ ಇಟ್ಟರು. ಎರಡು ಸ್ಟಾಪಿನ ನಡುವೆ ಆದ ಮಾತು ಅಷ್ಟೇ.

ಆ ಹುಡುಗಿ ಈಗ ಸ್ಟಾಫ್ ನರ್ಸ್. ವರ್ಷಗಳಾದ ಮೇಲೆ ತುಮಕೂರು ಬಸ್ಸಿನಲ್ಲಿ ಸಿಕ್ಕಳು. ನನಗೆ ಗುರುತಾಗಲಿಲ್ಲ, ಅವಳೇ ನೆನಪು ಮಾಡಿದಳು. ‘ಅವತ್ತು ನಂಗೆ ಸೀಟು ಸಿಕ್ಕಿದ್ರೆ ಬ್ಯಾಗು ನನ್ ತೊಡೆ ಮೇಲೇ ಇರ್ತಿತ್ತು, ಅಲ್ವಾಣ್ಣ’ ಎಂದಳು. ಅವಳು ಕಷ್ಟಪಟ್ಟಿದ್ದಾಳೆ. ಕನ್ನಡದಲ್ಲಿ ಓದಿಕೊಂಡು ಬಂದವಳು ಇಂಗ್ಲಿಷ್ ಪಾಠಕ್ಕೆ ಹೊಂದಿಕೊಂಡಿದ್ದಾಳೆ, ಫೀಸಿಗಾಗಿ ಅವರಮ್ಮ ಎರಡು ಹಸು ಮಾರಿದ್ದಾರೆ. ಅದನ್ನು ಯಾರೂ ಕಡಿಮೆ ಮಾಡಿ ಹೇಳುವಂತಿಲ್ಲ. ಆದರೆ ಆ ಒಂದು ಮಾತು ಕಿವಿಗೆ ಬೀಳದಿದ್ದರೆ ಆ ಕಷ್ಟವೆಲ್ಲ ಯಾವ ಕಡೆಗೆ ಹೋಗುತ್ತಿತ್ತು? ಆ ಹಳ್ಳಿಯಲ್ಲಿ ಅವಳಷ್ಟೇ ಚೊಕ್ಕವಾಗಿ ಚಿತ್ರ ಬರೆಯುವ ಇನ್ನೊಂದು ಮಗು ಇದ್ದಿರಬಹುದು. ಅದರ ಬ್ಯಾಗಿನ ಜಿಪ್ ಸರಿಯಿತ್ತೋ ಏನೋ.

ನನ್ನ ಕೆಲಸವೇ ಹಾಗೆ ಸಿಕ್ಕಿದ್ದು. ಕಂಡಕ್ಟರ್ ಲೈಸೆನ್ಸ್ ಮಾಡಿಸಲು ಹೊರಟವನು ನಮ್ಮ ದೊಡ್ಡಪ್ಪನ ಮಗ. ಒಬ್ಬನೇ ಹೋಗಲು ಬೇಜಾರು ಅಂತ ನನ್ನನ್ನೂ ತುಮಕೂರಿಗೆ ಕರೆದುಕೊಂಡು ಹೋಗಿದ್ದ. ಆರ್‌ಟಿಒ ಆಫೀಸಿನ ಮುಂದೆ ಅರ್ಜಿ ತುಂಬಿ ಕೊಡುತ್ತಿದ್ದ ಯಜಮಾನರು ನನ್ನನ್ನು ನೋಡಿ, ‘ನಿಂದೂ ಎಸ್ಸೆಸ್ಸೆಲ್ಸಿ ಆಗಿದೆಯಲ್ಲಪ್ಪ, ಬಂದಿದ್ದು ಬಂದಿದ್ದೀಯ, ಒಂದು ಹಾಕಿಬಿಡು’ ಎಂದರು. ಹಾಕಿದೆ. ಮುಂದೆ ನೇಮಕಾತಿ ಬಂದಾಗ ಅಂಕ ನೋಡಿ ಪಟ್ಟಿ ಮಾಡಿದರು. ನನಗೆ ಬಂತು, ಅಣ್ಣನಿಗೆ ಬರಲಿಲ್ಲ. ಅವನು ನನಗಿಂತ ಚುರುಕು. ಪಾವಗಡದಲ್ಲಿ ಕಡಲೆಕಾಯಿ ವ್ಯಾಪಾರ ಮಾಡಿ ಚೆನ್ನಾಗಿಯೇ ಬದುಕಿದ. ಆದರೆ ತಿಂಗಳ ಸಂಬಳ, ಪಿಎಫ್, ಮಕ್ಕಳ ಓದಿನ ಧೈರ್ಯ ನನ್ನ ಮನೆಗೆ ಬಂತು. ಮಳೆ ಕೈಕೊಟ್ಟ ವರ್ಷಗಳ ಪೆಟ್ಟು ಅವನ ಮನೆಗೆ ಬಿತ್ತು. ಇದರಲ್ಲಿ ನನ್ನ ಛಲ ಎಷ್ಟು?

ನಮ್ಮ ಬಸ್ಸಿಗೆ ದಿನಾ ಬರುತ್ತಿದ್ದ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಸರ್ ಸಿ.ವಿ. ರಾಮನ್ ಕತೆ ಹೇಳುತ್ತಿದ್ದರು. ಅದನ್ನು ಆಮೇಲೆ ನಾನೂ ಲೈಬ್ರರಿಯಲ್ಲಿ ಹುಡುಕಿ ಓದಿದೆ. ರಾಮನ್ ಹುಡುಗನಾಗಿದ್ದಾಗ ಓದಲು ಇಂಗ್ಲೆಂಡಿಗೆ ಕಳಿಸುವ ಮಾತು ನಡೆದಿತ್ತಂತೆ. ತಪಾಸಣೆ ಮಾಡಿದ ಮದ್ರಾಸಿನ ವೈದ್ಯಾಧಿಕಾರಿ, ಅಲ್ಲಿಯ ಹವೆ ಈ ಮೈಗೆ ತಡೆಯುವುದಿಲ್ಲ ಎಂದುಬಿಟ್ಟರು. ಆ ದಾರಿ ಮುಚ್ಚಿತು. ಹಣಕಾಸು ಇಲಾಖೆಯ ಪರೀಕ್ಷೆ ಬರೆದು 1907ರಲ್ಲಿ ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಲೆಕ್ಕಪತ್ರದ ಕೆಲಸ. ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ರಸ್ತೆಯಲ್ಲಿ ಒಂದು ಬೋರ್ಡು ಕಂಡಿತು. ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂಬ ವಿಜ್ಞಾನ ಸಂಸ್ಥೆಯದು. ಹೋಗಿ ಬಾಗಿಲು ತಟ್ಟಿದರು. ಆಶುತೋಷ್ ಡೇ ಎಂಬ ಸಹಾಯಕ ಬಾಗಿಲು ತೆಗೆದರು. ಅಲ್ಲಿಂದ ಹತ್ತು ವರ್ಷ ರಾಮನ್ ಹಗಲು ಕಚೇರಿ, ಬೆಳಿಗ್ಗೆ ಸಂಜೆ ಪ್ರಯೋಗಶಾಲೆ. ಆಮೇಲೆ ನೌಕರಿ ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು. 1928ರ ಫೆಬ್ರುವರಿ 28ರಂದು ರಾಮನ್ ಪರಿಣಾಮದ ಶೋಧ ಆದದ್ದು ಅದೇ ಸಂಸ್ಥೆಯಲ್ಲಿ. 1930ರಲ್ಲಿ ನೊಬೆಲ್. 1933ರಲ್ಲಿ ಬೆಂಗಳೂರಿಗೆ ಬಂದರು, ಕೊನೆವರೆಗೂ ಇಲ್ಲೇ ಉಳಿದರು.

ಮೇಷ್ಟ್ರು ಈ ಕತೆ ಹೇಳುವಾಗ ಟ್ರಾಮಿನಿಂದ ಬೋರ್ಡು ಕಂಡ ಆ ಗಳಿಗೆಯನ್ನೇ ಒತ್ತಿ ಹೇಳುತ್ತಿದ್ದರು. ನನಗೆ ಮಾತ್ರ ಆ ಬೋರ್ಡಿನ ಹಿಂದಿನ ಕಟ್ಟಡವೇ ಜಾಸ್ತಿ ಕಾಡುತ್ತದೆ. ಅದನ್ನು ಕಟ್ಟಿದವರು ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು, 1876ರಲ್ಲಿ. ಊರೂರಿನ ದೊಡ್ಡವರನ್ನು ಬೇಡಿ ದುಡ್ಡು ತಂದು ಕಟ್ಟಿದರು. ಅವರು ಬಯಸಿದಂತೆ ಸಂಶೋಧನೆಗೆ ಹುಡುಗರು ಬರಲೇ ಇಲ್ಲ. ಆ ಕೊರಗಿನಲ್ಲೇ ಅವರು 1904ರಲ್ಲಿ ತೀರಿಕೊಂಡರು. ರಾಮನ್ ಬಾಗಿಲು ತಟ್ಟಿದ್ದು ಅದಾಗಿ ಮೂರು ವರ್ಷಕ್ಕೆ. ನಮ್ಮ ಡಿಪೋ ಲೆಕ್ಕದಲ್ಲಿ ಹೇಳುವುದಾದರೆ ಅದು ಮೂವತ್ತೊಂದು ವರ್ಷ ಕಲೆಕ್ಷನ್ ಇಲ್ಲದೆ ಓಡಿದ ರೂಟು. ಯಾರಾದರೂ ಅಧಿಕಾರಿ ಪುಸ್ತಕ ತೆಗೆದು ನೋಡಿ, ಲಾಸ್ ಇದೆ, ಬೀಗ ಹಾಕಿ ಅಂದಿದ್ದರೆ? ರಾಮನ್ ಬುದ್ಧಿ ಎಲ್ಲಿಗೂ ಹೋಗುತ್ತಿರಲಿಲ್ಲ, ನಿಜ. ಆದರೆ ಟ್ರಾಮು ಇಳಿದು ಸೀದಾ ಮನೆಗೆ ಹೋಗುತ್ತಿತ್ತು.

ಕಂಡಕ್ಟರುಗಳಿಗೆಲ್ಲ ಇನ್ನೊಂದು ಕತೆ ಬಾಯಿಪಾಠ. ಬೆಂಗಳೂರಿನ ಬಿಟಿಎಸ್ ಬಸ್ಸಿನಲ್ಲಿ ಶಿವಾಜಿರಾವ್ ಗಾಯಕ್‌ವಾಡ್ ಎಂಬ ಕಂಡಕ್ಟರ್ ಇದ್ದರು. ಜೊತೆಗಿದ್ದ ಡ್ರೈವರ್ ರಾಜ್ ಬಹದ್ದೂರ್. ನಿನ್ನಲ್ಲಿ ನಟನೆ ಇದೆ, ಮದ್ರಾಸಿಗೆ ಹೋಗಿ ಕಲಿ ಎಂದು ಹಟ ಹಿಡಿದು ಕಳಿಸಿದವರು ಆ ಡ್ರೈವರ್. ಆ ಕಂಡಕ್ಟರೇ ಮುಂದೆ ನಟ ರಜನೀಕಾಂತ್. 2021ರಲ್ಲಿ ಫಾಲ್ಕೆ ಪ್ರಶಸ್ತಿ ತೆಗೆದುಕೊಳ್ಳುವಾಗ ವೇದಿಕೆಯ ಮೇಲೆ ಆ ಗೆಳೆಯನ ಹೆಸರು ಹೇಳಿದರು. ಆವತ್ತು ಡ್ಯೂಟಿ ಚಾರ್ಟ್ ಬರೆದವರು ಆ ಗಾಡಿಗೆ ಬೇರೆ ಡ್ರೈವರನ್ನು ಹಾಕಿದ್ದರೆ ಏನಾಗುತ್ತಿತ್ತೋ ಎಂದು ನಾವು ಟೀ ಕುಡಿಯುವಾಗ ಎಷ್ಟೋ ಸಲ ಮಾತಾಡಿದ್ದೇವೆ.

ಡ್ಯೂಟಿ ಚಾರ್ಟಿನ ಇನ್ನೊಂದು ಮುಖವನ್ನೂ ಹೇಳಲೇಬೇಕು. ನಮ್ಮ ಮನೆಯಲ್ಲಿ ಮದುವೆ ಇತ್ತೆಂದು ನಾನು ಒಬ್ಬ ಗೆಳೆಯನ ಜೊತೆ ಡ್ಯೂಟಿ ಬದಲಿಸಿಕೊಂಡಿದ್ದೆ. ಅವನು ನನ್ನ ಗಾಡಿ ಹತ್ತಿದ. ಮಳೆಗಾಲ. ಘಾಟಿಯಂಥ ಒಂದು ತಿರುವಿನಲ್ಲಿ ಬಸ್ಸು ಕೆಳಗೆ ಉರುಳಿತು. ಅವನು ಹಿಂದಿನ ಬಾಗಿಲ ಹತ್ತಿರ ನಿಂತು ಟಿಕೆಟ್ ಕೊಡುತ್ತಿದ್ದನಂತೆ. ಉಳಿಯಲಿಲ್ಲ. ಅವನ ಹೆಂಡತಿ ಇವತ್ತಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಬಂದವರೆಲ್ಲ ಹಣೆಬರಹ ಎಂದರು, ಆಯಸ್ಸು ಅಷ್ಟೇ ಇತ್ತು ಎಂದರು. ನನಗೆ ಆ ಮಾತು ಒಪ್ಪಲು ಆಗಿಲ್ಲ. ಡ್ಯೂಟಿ ಬದಲಾದದ್ದು ಆಕಸ್ಮಿಕ. ಮಳೆ ಬಂದದ್ದು ಆಕಸ್ಮಿಕ. ಆದರೆ ಆ ತಿರುವಿಗೆ ತಡೆಗೋಡೆ ಇಲ್ಲ ಎಂದು ಆ ರೂಟಿನ ಪ್ರತಿ ಡ್ರೈವರಿಗೂ ಗೊತ್ತಿತ್ತು. ಬರೆದೂ ಕೊಟ್ಟಿದ್ದೆವು. ಗೋಡೆ ಇದ್ದಿದ್ದರೆ ಗಾಡಿ ಅದಕ್ಕೆ ಉಜ್ಜಿಕೊಂಡು ನಿಲ್ಲುತ್ತಿತ್ತು. ಅವನು ಸಂಜೆ ಬಂದು ನನಗೆ ಬೈದು, ಮದುವೆ ಊಟ ಮಾಡುತ್ತಿದ್ದ. ಯಾರೋ ಮಾಡದೆ ಬಿಟ್ಟ ಕೆಲಸವನ್ನು ಹಣೆಯ ಮೇಲೆ ಹಾಕುವುದು ನನ್ನ ಕೈಯಲ್ಲಿ ಆಗುವುದಿಲ್ಲ.

ಪತ್ರ ಬರೆದ ಮಹನೀಯರಿಗೆ ನಾನು ಹೇಳಬೇಕಾದದ್ದು ಇಲ್ಲಿಂದ ಶುರುವಾಗುತ್ತದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂತು. ಶೂನ್ಯ ಟಿಕೆಟ್ ಕೊಟ್ಟ ಕೈ ನನ್ನದು. ಹೊಲದ ಕೆಲಸದ ಹೆಂಗಸರು ಮೊದಲ ಸಲ ಮಕ್ಕಳ ಜೊತೆ ಕಾಲೇಜಿನ ಗೇಟಿನವರೆಗೆ ಬಂದು ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಒಳ್ಳೆಯ ಯೋಜನೆ. ಆದರೆ ಟಿಕೆಟ್ ಉಚಿತವಾದರೂ ಬಸ್ಸೇ ಬರದ ಊರಿಗೆ ಏನು ಉಪಯೋಗ?

ಒಂದು ಊರಿನ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಕಾಲೇಜು ಬಿಡುವುದು ನಾಲ್ಕೂವರೆಗೆ. ಐದೂ ಮುಕ್ಕಾಲಿಗೆ ಆ ಊರಿಗೆ ಒಂದು ಟ್ರಿಪ್ ಇತ್ತು. ಹೋಗುವಾಗ ತುಂಬಿದ ಗಾಡಿ, ಬರುವಾಗ ಖಾಲಿ. ತುಂಬಿದ್ದೂ ಪಾಸಿನ ಮಕ್ಕಳೇ, ಹಾಗಾಗಿ ಕಂಡಕ್ಟರ್ ಬ್ಯಾಗಿಗೆ ಬೀಳುವ ದುಡ್ಡು ಕಡಿಮೆ. ಕಿಲೋಮೀಟರಿಗೆ ಇಷ್ಟು ಬರಬೇಕು ಎಂಬ ಲೆಕ್ಕಕ್ಕೆ ಆ ಟ್ರಿಪ್ ತೂಗಲಿಲ್ಲ, ತೆಗೆದುಬಿಟ್ಟರು. ಈಗ ಕೊನೆ ಬಸ್ಸು ಮೂರೂಕಾಲಿಗೆ. ಅದಕ್ಕೆ ಹತ್ತಬೇಕಾದರೆ ಕೊನೆಯ ಎರಡು ಪಿರಿಯಡ್ ಬಿಡಬೇಕು. ವಿಜ್ಞಾನದ ಮಕ್ಕಳಿಗೆ ಪ್ರಾಕ್ಟಿಕಲ್ ಇರುವುದೇ ಆ ಹೊತ್ತಿನಲ್ಲಿ. ಇಲ್ಲದಿದ್ದರೆ ಮೇನ್ ರೋಡಿನ ಬಸ್ಸಿಗೆ ಬಂದು ಕ್ರಾಸಿನಲ್ಲಿ ಇಳಿದು, ಐದು ಕಿಲೋಮೀಟರ್ ನಡೆಯಬೇಕು. ಎರಡೂ ಕಡೆ ಜಾಲಿ ಪೊದೆ, ಒಂದು ದೀಪವಿಲ್ಲ. ಗಂಡು ಹುಡುಗರು ಯಾರದ್ದಾದರೂ ಬೈಕ್ ಹತ್ತಿ ಹೋಗುತ್ತಾರೆ. ಹೆಣ್ಣುಮಕ್ಕಳನ್ನು ಅಪ್ಪ ಒಂದು ತಿಂಗಳು ಟಿವಿಎಸ್‌ನಲ್ಲಿ ಬಂದು ಕರೆದುಕೊಂಡು ಹೋಗುತ್ತಾನೆ. ಬಿತ್ತನೆ ಶುರುವಾದರೆ ಅವನಿಗೂ ಆಗುವುದಿಲ್ಲ. ‘ಸಾಕು ಬಿಡವ್ವ’ ಅಂತಾನೆ. ಅಲ್ಲಿಗೆ ಮುಗಿಯಿತು. ಆ ಸ್ಟಾಪಿನಲ್ಲಿ ಹತ್ತುತ್ತಿದ್ದ ಹೆಣ್ಣುಮಕ್ಕಳಲ್ಲಿ ಮರುವರ್ಷ ಅರ್ಧಕ್ಕರ್ಧ ಕಾಣಿಸಲಿಲ್ಲ.

ಆ ಮಕ್ಕಳಿಗೆ ಛಲ ಇರಲಿಲ್ಲವೇ? ಬೆಳಿಗ್ಗೆ ಐದಕ್ಕೆ ಎದ್ದು, ನೀರು ತಂದು, ಕೊಟ್ಟಿಗೆ ಗುಡಿಸಿ, ತಲೆ ಒದ್ದೆಯಿರುವಾಗಲೇ ಬಸ್ಸಿಗೆ ಓಡಿ ಬರುತ್ತಿದ್ದವರು ಅವರು. ಬೋನೆಟ್ ಮೇಲೆ ಕೂತು ನೋಟ್ಸ್ ಓದುತ್ತಿದ್ದರು. ಓದು ಬಿಡಿಸಿದ್ದು ಆಫೀಸಿನ ಒಂದು ಟೇಬಲ್ಲಿನ ಮೇಲೆ ಆದ ಒಂದು ಗೆರೆ. ಆ ಗೆರೆ ಎಳೆದವರಿಗೆ ಆ ಮಕ್ಕಳ ಮೇಲೆ ದ್ವೇಷವೇನೂ ಇರಲಿಲ್ಲ. ಅವರು ಆ ಮಕ್ಕಳನ್ನು ನೋಡಿಯೇ ಇರಲಿಲ್ಲ.

ಅಮೆರಿಕದ ರೋಸಾ ಪಾರ್ಕ್ಸ್ ವಿಷಯವನ್ನು ನಮ್ಮ ಯೂನಿಯನ್ ಸಭೆಯಲ್ಲಿ ಒಬ್ಬರು ಹೇಳಿದ್ದರು. ಬಸ್ಸಿನ ವಿಷಯವಾದ್ದರಿಂದ ನಾನು ಬಿಡದೆ ಓದಿಕೊಂಡೆ. ಮಾಂಟ್‌ಗೊಮರಿ ಊರಿನಲ್ಲಿ ಬಟ್ಟೆ ಹೊಲಿಯುವ ಕೆಲಸದ ಕಪ್ಪು ಹೆಣ್ಣುಮಗಳು. 1943ರಲ್ಲಿ ಒಬ್ಬ ಡ್ರೈವರ್, ಮುಂದಿನ ಬಾಗಿಲಲ್ಲಿ ಹತ್ತಿದ್ದೀಯ, ಇಳಿದು ಹಿಂದಿನಿಂದ ಬಾ ಎಂದು ಅವಮಾನ ಮಾಡಿ ಇಳಿಸಿದ್ದ. ಅಲ್ಲಿಂದ ಅವನ ಗಾಡಿ ಬಂದರೆ ಆಕೆ ಹತ್ತುತ್ತಿರಲಿಲ್ಲ. 1955ರ ಡಿಸೆಂಬರ್ 1ರ ಸಂಜೆ ಕೆಲಸ ಮುಗಿಸಿ ಬಂದಾಗ ಯಾವ ಡ್ರೈವರ್ ಎಂದು ನೋಡದೆ ಹತ್ತಿಬಿಟ್ಟರು. ಅವನೇ. ಬಿಳಿಯನಿಗೆ ಸೀಟು ಬಿಡು ಎಂದ, ಇವರು ಏಳಲಿಲ್ಲ. ಬಂಧನವಾಯಿತು. ಆ ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದರು, ಕೊನೆಗೆ ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವ ಕಾನೂನೇ ಕೋರ್ಟಿನಲ್ಲಿ ಬಿದ್ದುಹೋಯಿತು. ಅವತ್ತು ಡ್ರೈವರ್ ಮುಖ ನೋಡಿದ್ದರೆ ಹತ್ತುತ್ತಲೇ ಇರಲಿಲ್ಲ ಎಂದು ಆಕೆಯೇ ಹೇಳಿದ್ದಾರೆ. ಹಾಗಂತ ಅದು ಬರೀ ಆಕಸ್ಮಿಕವೂ ಅಲ್ಲ. ಅಷ್ಟು ಹೊತ್ತಿಗೆ ಆಕೆ ಹೋರಾಟದ ಸಂಘದಲ್ಲಿ ಹನ್ನೆರಡು ವರ್ಷ ದುಡಿದಿದ್ದರು. ಜೊತೆಗೆ ನಿಲ್ಲುವ ಸಂಘ ಇತ್ತು, ವಕೀಲರಿದ್ದರು, ರಾತ್ರೋರಾತ್ರಿ ಕರಪತ್ರ ಅಚ್ಚು ಮಾಡಿದ ಹೆಂಗಸರಿದ್ದರು. ಅದೇ ವರ್ಷ ಮಾರ್ಚಿನಲ್ಲಿ, ಅದೇ ಊರಿನ ಬಸ್ಸಿನಲ್ಲಿ, ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದರ ಶಾಲಾ ಹುಡುಗಿಯೂ ಸೀಟು ಬಿಡದೆ ಜೈಲಿಗೆ ಹೋಗಿದ್ದಳು. ಧೈರ್ಯ ಅವಳದೇನು ಕಡಿಮೆಯೇ? ಅವಳ ಹಿಂದೆ ಆ ಊರು ಹಾಗೆ ನಿಲ್ಲಲಿಲ್ಲ. ಛಲ ಒಂದೇ ಇದ್ದರೂ ಫಲ ಬೇರೆ ಬೇರೆಯಾಗುವುದು ಹೀಗೆ.

ಆದ್ದರಿಂದ ಎರಡು ಬೇಡಿಕೆ. ಒಂದು ಸಾರಿಗೆಯವರಿಗೆ. ಹಳ್ಳಿಯ ಕೊನೆ ಟ್ರಿಪ್ ತೆಗೆಯುವ ಮುಂಚೆ ಕಲೆಕ್ಷನ್ ಜೊತೆಗೆ ಆ ರೂಟಿನಲ್ಲಿ ಎಷ್ಟು ವಿದ್ಯಾರ್ಥಿ ಪಾಸ್ ಇವೆ, ಎಷ್ಟು ಶೂನ್ಯ ಟಿಕೆಟ್ ಹೋಗುತ್ತಿವೆ ಎಂದೂ ನೋಡಿ. ಆ ಲೆಕ್ಕ ನಿಮ್ಮ ಹತ್ತಿರವೇ ಇದೆ, ಮೆಷಿನ್ನೇ ಹೇಳುತ್ತದೆ. ಕಾಲೇಜು ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಡಿಪೋದವರು, ತಾಲ್ಲೂಕಿನ ಪ್ರಿನ್ಸಿಪಾಲರು, ಆ ರೂಟಿನ ಒಬ್ಬ ಕಂಡಕ್ಟರ್ ಕೂತರೆ ಸಾಕು. ಎಷ್ಟೋ ಕಡೆ ಹೊಸ ಬಸ್ಸೂ ಬೇಡ. ಇರುವ ಟ್ರಿಪ್ಪನ್ನು ಒಂದು ಗಂಟೆ ಹಿಂದೆ ಮುಂದೆ ಮಾಡಿದರೆ ಆಗುತ್ತದೆ. ಬಾಗಿಲ ಹತ್ತಿರ ನಿಲ್ಲುವ ಕಂಡಕ್ಟರಿಗೆ ಇದು ಗೊತ್ತು, ಯಾರೂ ಕೇಳುವುದಿಲ್ಲ.

ಇನ್ನೊಂದು ನಿಮಗೆ, ಸಂಪಾದಕರೇ. ಮುಂದಿನ ಸಲ ಹೆಚ್ಚು ಅಂಕ ತೆಗೆದ ಮಕ್ಕಳನ್ನು ಮಾತಾಡಿಸುವಾಗ ದಿನಕ್ಕೆ ಎಷ್ಟು ಗಂಟೆ ಓದಿದಿರಿ ಎಂದು ಕೇಳುವುದರ ಜೊತೆಗೆ, ನಿಮಗೆ ಈ ದಾರಿ ಮೊದಲು ಹೇಳಿದವರು ಯಾರು, ಶಾಲೆಗೆ ಹೇಗೆ ಹೋಗಿ ಬರುತ್ತಿದ್ದಿರಿ ಎಂದೂ ಕೇಳಿ. ನಿಮ್ಮ ಜೊತೆ ಓದುತ್ತಿದ್ದು ಮಧ್ಯದಲ್ಲಿ ಬಿಟ್ಟವರು ಯಾರಾದರೂ ಇದ್ದಾರಾ, ಯಾಕೆ ಬಿಟ್ಟರು ಎಂದೂ ಕೇಳಿ. ಮಕ್ಕಳು ನಿಜ ಹೇಳುತ್ತಾರೆ. ಅದನ್ನು ಅಚ್ಚು ಹಾಕಿದರೆ, ಟ್ರಿಪ್ ತೆಗೆಯುವ ಟೇಬಲ್ಲಿಗೂ ಪೇಪರ್ ಹೋಗುತ್ತದಲ್ವಾ.

ಮೇಲೆ ಹೇಳಿದ ಊರಿನ ಐದೂ ಮುಕ್ಕಾಲರ ಟ್ರಿಪ್ಪನ್ನು ಹೆಚ್ಚು ಖರ್ಚಿಲ್ಲದೆ ಮತ್ತೆ ಹೇಗೆ ಓಡಿಸಬಹುದು ಎಂದು ಒಂದು ವೇಳಾಪಟ್ಟಿ ಬರೆದಿಟ್ಟಿದ್ದೇನೆ. ಈಗ ನಾಲ್ಕು ಗಂಟೆಗೆ ಖಾಲಿಯಾಗಿ ಡಿಪೋಗೆ ಮರಳುವ ಒಂದು ಗಾಡಿ ಇದೆ, ಅದನ್ನೇ ಆ ಕಡೆ ತಿರುಗಿಸಿದರೆ ರಾತ್ರಿ ಹಾಲ್ಟಿಗೂ ಆಗುತ್ತದೆ, ಬೆಳಗಿನ ಮೊದಲ ಟ್ರಿಪ್ಪಿಗೂ ಆಗುತ್ತದೆ. ಸಂಬಂಧಪಟ್ಟವರು ಕರೆದರೆ ಬಂದು ಕೊಡುತ್ತೇನೆ. ಕಾಲೇಜು ಶುರುವಾಗುವುದರೊಳಗೆ ಕರೆಯಲಿ.

– ನಿವೃತ್ತ ಬಸ್ ನಿರ್ವಾಹಕ, ಮಧುಗಿರಿ ತಾಲ್ಲೂಕು